ಮತದಾನದ ವರ್ಷ, ಅಗಲಿಕೆಯ ವರ್ಷ

ಮಾನ್ಯ ಸಂಪಾದಕರೇ,

2024 ಅರವತ್ತಕ್ಕೂ ಹೆಚ್ಚು ದೇಶಗಳು ಮತ ಹಾಕಿದ ವರ್ಷ. ಅಧಿಕಾರದಲ್ಲಿ ಬೇರುಬಿಟ್ಟವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ 14 ವರ್ಷಗಳ ಆಡಳಿತ ಕೊನೆಗೊಂಡಿತು. ನನಗೆ ಹೆಚ್ಚು ಹಿಡಿಸಿದ್ದು ಆಫ್ರಿಕಾದ ಬೋಟ್ಸ್ವಾನಾ ದೇಶದ ಸುದ್ದಿ: 1966ರಿಂದ ಆಳಿದ ಪಕ್ಷ ಸೋತಾಗ ಅಧ್ಯಕ್ಷ ಮಾಸಿಸಿ ಎಣಿಕೆ ಪೂರ್ತಿಯಾಗುವ ಮೊದಲೇ ಸೋಲೊಪ್ಪಿಕೊಂಡರು. ನಮ್ಮಲ್ಲಿ ಬಿಜೆಪಿ 240 ಸ್ಥಾನಗಳಿಗೆ ಇಳಿದು, ಮಿತ್ರಪಕ್ಷಗಳ ಬೆಂಬಲದಿಂದ ಸರ್ಕಾರ ರಚಿಸಿತು.

ಅದೇ ವರ್ಷ ನಾನು ತಂದೆಯವರನ್ನು ಕಳೆದುಕೊಂಡೆ. 85 ದಾಟಿದವರು ಮನೆಯಲ್ಲೇ ಮತ ಹಾಕುವ ಅವಕಾಶ ಲೋಕಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ಸಿಕ್ಕಿತ್ತು. ಚುನಾವಣಾ ಸಿಬ್ಬಂದಿ ಹಾಸಿಗೆಯ ಪಕ್ಕ ರಟ್ಟಿನ ಮರೆ ಇಟ್ಟರು. ತಂದೆಯವರು ನಡುಗುವ ಕೈಯಿಂದ ಗುರುತು ಹಾಕಿ, ಮತಪತ್ರ ಮಡಚಿ, ಲಕೋಟೆಯನ್ನು ತಾವೇ ಅಂಟಿಸಿದರು. ನೆರವಿಗೆ ಹೋದ ನನ್ನನ್ನು ಕಣ್ಣಲ್ಲೇ ತಡೆದರು. ಯಾರಿಗೆ ಹಾಕಿದರೆಂದು ಕೊನೆಯವರೆಗೂ ಹೇಳಲಿಲ್ಲ, ನಾನೂ ಕೇಳಲಿಲ್ಲ. (ನಮ್ಮಿಬ್ಬರ ರಾಜಕೀಯ ನಿಲುವು ಎಂದೂ ಒಂದಾಗಿರಲಿಲ್ಲ.) ಮಳೆಗಾಲದಲ್ಲಿ ತೀರಿಕೊಂಡರು. ಮತದಾರರ ಪಟ್ಟಿಯಿಂದ ಅವರ ಹೆಸರು ತೆಗೆಸಲು ನಮೂನೆ 7 ತುಂಬುವಾಗ, ಕಾರಣ ‘ಮರಣ’ ಎಂದು ನಮೂದಿಸಲು ಕೈ ಏಳಲಿಲ್ಲ.

ಅಂದು ಬಂದ ಸಿಬ್ಬಂದಿಗೆ ನಾನು ಋಣಿ. ಅವಸರ ಮಾಡದೆ, ಒಬ್ಬ ವೃದ್ಧನ ಮತಕ್ಕಾಗಿ ತಾಳ್ಮೆಯಿಂದ ಕಾದರು. ಮನೆಯಲ್ಲೇ ಮತ ಹಾಕುವ ಈ ಸೌಲಭ್ಯಕ್ಕೆ, ಚುನಾವಣೆಯ ಅಧಿಸೂಚನೆಯಾದ ಐದು ದಿನಗಳೊಳಗೆ ನಮೂನೆ 12ಡಿ ಅರ್ಜಿ ಸಲ್ಲಿಸಬೇಕೆಂಬುದು ಅನೇಕ ಮನೆಗಳಿಗೆ ತಿಳಿದಿರುವುದಿಲ್ಲ. ಮುಂದಿನ ಚುನಾವಣೆಗೆ ಸಾಕಷ್ಟು ಮೊದಲೇ ಪತ್ರಿಕೆಗಳು ಇದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ.

— ಒಬ್ಬ ಓದುಗ