ಮಗಳಿಗೊಂದು ಪತ್ರ: ಹೆಗಲಿಗೆ ಒದಗುವ ಕೋವಿ

ಪ್ರೀತಿಯ ಮಗಳೇ,

ನಿನ್ನ ಮೆಸೇಜು ಓದಿ ಅವ್ವ ಮೊದಲು ನಕ್ಕಳು, ಆಮೇಲೆ ಬೈದಳು. "ಇಲ್ಲಿ ಕೋವಿ ಕಂಡರೆ ಓಡುತ್ತಿದ್ದವಳು ಅಮೆರಿಕದಲ್ಲಿ ಕೋಳಿ ಹೊಡೀತಾಳಂತೆ!" ಅಂತ. ಅಕ್ಟೋಬರಿನಲ್ಲಿ ಆಫೀಸಿನವರ ಜೊತೆ ಸೌತ್ ಡಕೋಟಾಕ್ಕೆ ಫೆಸೆಂಟ್ ಹಕ್ಕಿಯ ಬೇಟೆಗೆ ಹೊರಟಿದ್ದೀಯ, ಯಾವ ಕೋವಿ ಕೊಳ್ಳಲಿ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಈ ಕಾಗದ.

ನಾನೇನು ಬೇಟೆಗಾರನಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದಾಗ ನನಗೆ ಹತ್ತು ವರ್ಷ. ಅಜ್ಜ ತೋಟದಂಚಿನಲ್ಲಿ ಕಾಡುಕೋಳಿ ಹೊಡೆದು ತರುತ್ತಿದ್ದುದು ಅಷ್ಟಕ್ಕೇ ನಿಂತಿತು. ಆಮೇಲೆ ನಮ್ಮ ಜೋಡಿ ನಳಿಗೆಯ ಕೋವಿ ಇಳಿಯುತ್ತಿದ್ದುದು ನಮ್ಮ ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮಾತ್ರ. ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆ, ಅದಾದ ಮೇಲೆ ತೆಂಗಿನಕಾಯಿಗೆ ಗುರಿ. ಫೆಸೆಂಟೂ ನಮ್ಮ ಕಾಡುಕೋಳಿಯ ಕುಟುಂಬದ್ದೇ. ಹಾಗಾಗಿ ಅಜ್ಜನ ಪಾಠ ಸ್ವಲ್ಪವಾದರೂ ನಡೆದೀತು.

ಅಂಗಡಿಯವನು ಮೊದಲು ಹನ್ನೆರಡು ಬೋರೇ ತೋರಿಸುತ್ತಾನೆ. ನಳಿಗೆಯ ಅಳತೆಗೆ ಸರಿಯಾದ ಸೀಸದ ಗುಂಡು ಎಷ್ಟಾದರೆ ಒಂದು ಪೌಂಡ್ ತೂಗುತ್ತದೋ ಅದೇ ಬೋರಿನ ಲೆಕ್ಕ. ಅಂದರೆ ಇಪ್ಪತ್ತರದ್ದು ಸಣ್ಣ ನಳಿಗೆ. ಹನ್ನೆರಡರ ತೋಟಾದಲ್ಲಿ ಫೆಸೆಂಟಿಗೆ ಸುಮಾರು 35 ಗ್ರಾಂ ಚರೆ (ಸಣ್ಣ ಲೋಹದ ಕಾಳು) ಹಾಕಿದರೆ ಇಪ್ಪತ್ತರಲ್ಲಿ 28 ಗ್ರಾಂ. ಚರೆ ಹೆಚ್ಚಾದಷ್ಟೂ ಹಕ್ಕಿಗೆ ತಾಗುವ ಸಾಧ್ಯತೆ ಹೆಚ್ಚು, ನಿಜ. ಆದರೆ ಒದೆತವೂ ಹೆಚ್ಚು. ಒದೆತಕ್ಕೆ ಹೆದರಿದವರು ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾರೆ. ನಾಯಿ ಎಬ್ಬಿಸಿದ ಹಕ್ಕಿ ಮೂವತ್ತು ಗಜದೊಳಗೆ ಇದ್ದರೆ ನಿನಗೆ ಇಪ್ಪತ್ತೇ ಸಾಕು. ಐದು ಇಲ್ಲವೇ ಆರನೇ ನಂಬರಿನ ಚರೆ ತಗೋ. ನಂಬರು ದೊಡ್ಡದಾದಷ್ಟೂ ಚರೆ ಸಣ್ಣದು, ಇದರಲ್ಲಿ ಎಲ್ಲರೂ ಒಮ್ಮೆ ಮೋಸ ಹೋಗುತ್ತಾರೆ.

ಒಂದು ಮಾತು ಮಾತ್ರ ಮರೆಯಬೇಡ. ಅಲ್ಲಿ ಇಪ್ಪತ್ತರ ತೋಟಾ ಹಳದಿ ಬಣ್ಣದ್ದು. ಅದು ಅಪ್ಪಿತಪ್ಪಿ ಹನ್ನೆರಡರ ನಳಿಗೆಗೆ ಬಿದ್ದರೆ ಒಳಗೆ ಜಾರಿ ಮುಂದೆ ಹೋಗಿ ಸಿಕ್ಕಿಕೊಳ್ಳುತ್ತದೆ. ನೋಡಿದವರಿಗೆ ಕೋವಿ ಖಾಲಿ. ಹಿಂದಿನಿಂದ ಇನ್ನೊಂದು ತೋಟಾ ತುಂಬಿ ಹಾರಿಸಿದರೆ ನಳಿಗೆ ಸಿಡಿದು ಎಡಗೈ ಹೋಗುತ್ತದೆ. ಎರಡೂ ಬೋರಿನ ತೋಟಾ ಒಂದೇ ಜೇಬಿನಲ್ಲಿ ಇಡಬೇಡ. ನಿನ್ನ ಗೆಳೆಯರ ಚೀಲದ ಮೇಲೂ ಕಣ್ಣಿರಲಿ.

ಇನ್ನು ಪಂಪ್, ಆಟೋಮ್ಯಾಟಿಕ್, ಜೋಡಿ ನಳಿಗೆ. ಪಂಪ್ ಅಗ್ಗ, ಗಟ್ಟಿ, ಆದರೆ ಎರಡನೇ ಈಡಿಗೆ ಕೈಯಲ್ಲೇ ಎಳೆದು ತಳ್ಳಬೇಕು. ಸಿಡಿದ ಮದ್ದಿನ ಗ್ಯಾಸಿನಿಂದಲೇ ಮುಂದಿನ ತೋಟಾ ತುಂಬಿಕೊಳ್ಳುವ ಆಟೋಮ್ಯಾಟಿಕ್ ಒದೆಯುವುದು ಕಮ್ಮಿ. ನನ್ನ ಓಟು ಮಾತ್ರ ಒಂದರ ಮೇಲೊಂದು ನಳಿಗೆ ಕೂತ, ತೋಟಾ ತುಂಬಲು ನಡುವೆ ಮಡಚುವ ಕೋವಿಗೆ. ಮೊದಲ ನಳಿಗೆಗೆ ಸಡಿಲ ಚೋಕ್, ಎರಡನೆಯದಕ್ಕೆ ತುಸು ಬಿಗಿ. ಚೋಕ್ ಅಂದರೆ ನಳಿಗೆಯ ಬಾಯಿಯ ಬಿಗಿತ, ಸಡಿಲವಾದಷ್ಟೂ ಚರೆ ಬೇಗ ಹರಡುತ್ತದೆ. ಹತ್ತಿರದ ಹಕ್ಕಿಗೊಂದು, ದೂರ ಹೋಗುತ್ತಿರುವುದಕ್ಕೊಂದು. ಬೇಲಿ ದಾಟುವಾಗ ಮಡಚಿ ಹಿಡಿದರೆ ಖಾಲಿಯಿದೆ ಅಂತ ಹತ್ತು ಮಾರು ದೂರದವನಿಗೂ ಕಾಣುತ್ತದೆ. ಗದ್ದೆಯ ಆ ತುದಿಯಲ್ಲಿ ಓಡುವ ಹಕ್ಕಿಯನ್ನು ತಡೆಯಲು ನಿಂತ ಜನರೂ ಇರುತ್ತಾರೆ, ನಾಯಿಗಳೂ ಇರುತ್ತವೆ. ಹಕ್ಕಿಯ ಕೆಳಗೆ ಆಕಾಶ ಕಾಣದಿದ್ದರೆ ಹಾರಿಸಬೇಡ. ಹುಂಜ ಮಾತ್ರ, ಅದೂ ದಿನಕ್ಕೆ ಮೂರೇ. ಕತ್ತಿನಲ್ಲಿ ಬಿಳಿ ಪಟ್ಟಿ, ಕಣ್ಣಿನ ಸುತ್ತ ಕೆಂಪು. ಹೇಂಟೆ ಬರೀ ಕಂದು.

ಬಾತುಕೋಳಿಗೂ ಕರೆದರೆ ನಿಯಮ ಬೇರೆ. 1991ರಿಂದ ಅಲ್ಲಿ ಬಾತುಕೋಳಿಗೆ ಸೀಸದ ಚರೆ ನಿಷಿದ್ಧ. ವೀಸಾದ ಮೇಲಿರುವವರು ಸಾಮಾನ್ಯವಾಗಿ ಬೇಟೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಅದನ್ನು ಮೊದಲು ಮಾಡಿಸು. ಇಲ್ಲಿ ನಮ್ಮ ಕೊಡವರಿಗೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು 2029ರವರೆಗೆ ವಿನಾಯಿತಿ ಇದೆ ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಈಗ ಒಂದು ತಪ್ಪೊಪ್ಪಿಗೆ. ನಿನಗೆ ಹದಿನಾಲ್ಕಾಗಿದ್ದಾಗ ತೆಂಗಿನಕಾಯಿ ಹೊಡೆಯಲು ಅಜ್ಜನ ಹನ್ನೆರಡು ಬೋರು ಕೊಟ್ಟೆನಲ್ಲ, ಅದರ ಹೆಗಲಿಗೆ ಆನಿಸುವ ಹಿಡಿ ಆರಡಿ ಆಳಿನ ತೋಳಿಗೆ ಮಾಡಿದ್ದು. ಟ್ರಿಗರಿಗೆ ಬೆರಳು ಎಟುಕಿಸಲು ನೀನು ಕತ್ತು ಚಾಚಿದೆ, ಅದು ಕೆನ್ನೆಗೆ ಬಡಿಯಿತು. ವಾರವಿಡೀ ನೀಲಿ. "ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆ" ಅಂದವರಿಗೆ ನಾನು ಏನೂ ಹೇಳಲಿಲ್ಲ. ನೀನು ಹುಟ್ಟಿದ ದಿನವೂ ಅಷ್ಟೇ. ಗಂಡು ಹುಟ್ಟಿದರೆ ಒಂದು ಈಡು ಹಾರಿಸುವ ಪದ್ಧತಿ. ಕೋವಿ ಗೂಟದಲ್ಲೇ ಇತ್ತು, ನಾನು ಇಳಿಸಲಿಲ್ಲ.

ಅದಕ್ಕೇ ಹೇಳುತ್ತೇನೆ, ಬೋರಿಗಿಂತ ಮೊದಲು ಅಳತೆ ನೋಡು. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ ಕಣ್ಣು ಬಿಡು. ನಳಿಗೆ ನೇರ ಕಂಡರೆ ಅದು ನಿನ್ನದು. ಕತ್ತು ಎಳೆಯಬೇಕಾದರೆ ಹಿಡಿ ಕತ್ತರಿಸಿ ಕೊಡಿ ಅನ್ನು, ನಾಚಿಕೆ ಬೇಡ.

ಇನ್ನೊಂದು ಗುಮಾನಿ ನನಗೆ. ಅವತ್ತು ನಿನ್ನ ಚರೆಯೆಲ್ಲ ಕಾಯಿಯ ಎಡಕ್ಕೇ ಹೋಗಿತ್ತು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿ, ಕೈ ಚಾಚಿ, ಎರಡೂ ಕಣ್ಣು ಬಿಟ್ಟು ಗೋಡೆ ಗಡಿಯಾರವನ್ನು ಅದರೊಳಗೆ ಹಿಡಿ. ಬಲಗಣ್ಣು ಮುಚ್ಚಿದಾಗಲೂ ಗಡಿಯಾರ ಅಲ್ಲೇ ಉಳಿದರೆ ಗುರಿ ಹಿಡಿಯುವುದು ನಿನ್ನ ಎಡಗಣ್ಣು. ಹಾಗಿದ್ದರೆ ಎಡಹೆಗಲಿನಲ್ಲೇ ಹಿಡಿಯಲು ಕಲಿ, ಮಡಚುವ ಕೋವಿಯಾದರೆ ಖಾಲಿ ತೋಟಾ ಮುಖದ ಮುಂದೆ ಹಾರುವ ಕಾಟವೂ ಇಲ್ಲ.

ಇವತ್ತೇ ನೋಡಿ ಯಾವ ಕಣ್ಣು ಅಂತ ಮೆಸೇಜು ಹಾಕು. ನಾನು ಎಚ್ಚರ ಇರುತ್ತೇನೆ.

ನಿನ್ನ ಅಪ್ಪ