ಗೆಳೆಯನಿಗೊಂದು ಪತ್ರ: ಪೋಸ್ಟರ್ ಯಾರಿಗೆ?

ದೋಸ್ತ,

ದಂಧೆ ಮಾಡುವ ಹೆಣ್ಣುಮಕ್ಕಳಿಗೆ ಕಾಂಡೋಮ್ ಬಗ್ಗೆ ತಿಳಿವಳಿಕೆ ಕೊಡೋಕೆ ನಿಮ್ಮ ಸಂಘದಿಂದ ಪೋಸ್ಟರ್ ಮಾಡಿಸ್ತೀವಿ ಅಂತ ಬರೆದಿದ್ದೀಯ. ಬೇಜಾರಾಗಬೇಡ, ಆ ತಿಳಿವಳಿಕೆ ಅವರಿಗೆ ನಮಗಿಂತ ಜಾಸ್ತಿ ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಈ ಕೆಲಸ ಶುರುವಾಗಿ 20 ವರ್ಷದ ಮೇಲಾಯಿತು. ದಂಧೆಯಲ್ಲಿದ್ದವರೇ ಓಣಿ ಓಣಿ ತಿರುಗಿ ನಿರೋಧ್ ಹಂಚಿದ್ದಾರೆ, ಜೊತೆಗಿದ್ದವರನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದಾರೆ.

ತೊಂದರೆ ಇರುವುದು ಬೇರೆ ಕಡೆ. ಕುಡಿದು ಬಂದ ಗಿರಾಕಿ ಮಾತು ಕೇಳುವುದಿಲ್ಲ. ಇನ್ನೊಬ್ಬ ದುಡ್ಡು ಜಾಸ್ತಿ ಕೊಡ್ತೀನಿ, ಅದು ಬೇಡ ಅನ್ನುತ್ತಾನೆ. ಅವತ್ತೇ ಸ್ವಸಹಾಯ ಸಂಘದ ಸಾಲದ ಕಂತು ಕಟ್ಟುವುದಿದ್ದರೆ ಅವಳು ಏನು ಮಾಡಬೇಕು ಹೇಳು? ಚೀಲದಲ್ಲಿ ನಿರೋಧ್ ಸಿಕ್ಕರೆ ಪೊಲೀಸರು ಅದನ್ನೇ ಸಾಕ್ಷಿ ಮಾಡುತ್ತಾರೆ ಅನ್ನುವ ಹೆದರಿಕೆ ಬೇರೆ. ಹಾಗೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲೇ ಹೇಳಿದೆ. ಆ ಮಾತು ಠಾಣೆಯ ತನಕ ಬರಬೇಕಲ್ಲ!

ಇವೆಲ್ಲ ಹೇಗೋ ಸುಧಾರಿಸುತ್ತವೆ. ಎಲ್ಲರೂ ಒಂದಾಗಿ 'ಅದಿಲ್ಲದೆ ಆಗಲ್ಲ' ಅಂದರೆ ಗಿರಾಕಿ ಎಲ್ಲಿಗೆ ಹೋಗುತ್ತಾನೆ? ಕಷ್ಟ ಇರುವುದು ಅವಳನ್ನು ಕಾಯಂ ಇಟ್ಟುಕೊಂಡವನ ವಿಷಯದಲ್ಲಿ. 1982ರಲ್ಲೇ ದೇವದಾಸಿ ಪದ್ಧತಿ ತಡೆಯುವ ಕಾಯ್ದೆ ಬಂದರೂ ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ನಮ್ಮ ಕಡೆ ಇದ್ದಾರೆ, ನಿನಗೂ ಗೊತ್ತು. ಅವರಿಗೆ ಮದುವೆ ಇಲ್ಲ, ಆದರೆ ಒಬ್ಬ ಇರುತ್ತಾನೆ. ಅವನಿಗೆ ಬೇರೆ ಹೆಂಡತಿ ಮಕ್ಕಳಿದ್ದರೂ ಇವಳ ಪಾಲಿಗೆ ಅವನೇ ಗಂಡ. ಅವನ ಮುಂದೆ ನಿರೋಧ್ ತೆಗೆದರೆ 'ನಾನೇನು ಗಿರಾಕಿನಾ?' ಅನ್ನುತ್ತಾನೆ. ಒಮ್ಮೊಮ್ಮೆ ಏಟೂ ಬೀಳುತ್ತದೆ. ನಿಜ ಹೇಳಬೇಕೆಂದರೆ ಎಷ್ಟೋ ಸಲ ಅವಳಿಗೂ ಅದು ಬೇಡ. ದುಡ್ಡು ಕೊಟ್ಟು ಬರುವವನಿಗೆ ಕಾಂಡೋಮ್, ಮನೆಯವನಿಗೆ ಯಾಕೆ ಅನ್ನುವುದು ಅವಳ ಲೆಕ್ಕ. ಅವನು ಎಚ್‌ಐವಿ ತಂದರೆ ಇವಳಿಗೂ ಬರಬಹುದು, ಆ ಹೆಂಡತಿಗೂ ಬರಬಹುದು.

ಮುಧೋಳ, ಜಮಖಂಡಿ ತಾಲ್ಲೂಕುಗಳ 47 ಹಳ್ಳಿಗಳಲ್ಲಿ 'ಸಂವೇದನಾ ಪ್ಲಸ್' ಅನ್ನುವ ಪ್ರಯೋಗ ನಡೆದಿತ್ತು. ಅದರಲ್ಲಿ ಈ ಗಂಡಸರನ್ನೂ ಕೂರಿಸಿಕೊಂಡು ಮಾತಾಡಿದರು. ಏಟು ತಿಂದು ಸುಮ್ನೆ ಇರಬಾರದು ಅನ್ನುವ ಮನಸ್ಸು ಹೆಣ್ಣುಮಕ್ಕಳಲ್ಲಿ ಗಟ್ಟಿಯಾಯಿತು. ಅವನ ಜೊತೆ ಕಾಂಡೋಮ್ ಬಳಸುವುದು ಮಾತ್ರ ಹೆಚ್ಚಾಗಲಿಲ್ಲ. ಪೋಸ್ಟರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲದಿರುವುದು ಇದಕ್ಕೇ.

ಆದರೂ ಮಾಡಿಸು. ಅದರಲ್ಲಿ ಹೆಂಗಸಿನ ಚಿತ್ರ ಬೇಡ, ನಮ್ಮಂಥ ಗಂಡಸರದ್ದು ಹಾಕಿಸು. ಬಾರ್ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ಸಕ್ಕರೆ ಕಾರ್ಖಾನೆ ಗೇಟಿಗೆ ಅಂಟಿಸೋಣ. ಯಾವತ್ತು ಅಂತ ತಿಳಿಸು, ನಾನೂ ಬರುತ್ತೇನೆ.

ನಿನ್ನ ಗೆಳೆಯ