ಜಗಲಿ, ಅಡಿಕೆ ಮತ್ತು ಒಂದು ದಾಳ

ಕುಮಟಾ

ಪ್ರೀತಿಯ ಕೂಸೇ,

ಎರಡು ಬಗೆಯ ಮಣ್ಣು ಕೂಡುವಲ್ಲಿ ನೀರಿನೊಳಗಿನ ಉಪ್ಪು ಹೇಗೆ ಹರಡುತ್ತದೆ ಅಂತ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೀನು ವಾಟ್ಸಾಪಿನಲ್ಲಿ ಕಳಿಸಿದ ಗ್ರಾಫ್ ನೋಡಿದೆ. ಎಡಕ್ಕೆ ಜೇಡಿಮಣ್ಣು, ಬಲಕ್ಕೆ ಹೊಯ್ಗೆ (ಮರಳು). ನಡುವಿನ ಗೆರೆ ದಾಟಿದ ಕೂಡಲೇ ಉಪ್ಪು ಮೆಟ್ಟಿಲಿನ ಹಾಗೆ ಅರ್ಧಕ್ಕೆ ಇಳಿದಿದೆ. "ತಪ್ಪು ಎಲ್ಲಿದೆ ಅಂತಲೇ ಕಾಣ್ತಿಲ್ಲ ಆಯಿ" ಅಂದೆಯಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವಳಿಗೆ ನಿನ್ನ ಕೋಡ್ ಅರ್ಥವಾಗುವುದಿಲ್ಲ. ಆದರೆ ಮನೆಯಲ್ಲಿ ಜಗಲಿ ಇದೆ, ರಂಗೋಲಿ ಪುಡಿ ಇದೆ, ಅಡಿಕೆಯಂತೂ ಬೇಕಾದಷ್ಟಿದೆ.

ಜಗಲಿಗೆ ಅಡ್ಡ ಒಂದು ಗೆರೆ ಎಳೆದೆ. ಅಡಿಕೆಯೇ ಉಪ್ಪಿನ ಕಣ ಅಂತ ಇಟ್ಟುಕೊಂಡು, ಗೆರೆಯಿಂದ ಒಂದೊಂದೇ ಅಡಿಕೆ ಹೊರಡಿಸಿದೆ. ನಾಣ್ಯ ಚಿಮ್ಮಿ, ಹೆಡ್ ಬಿದ್ದರೆ ಬಲಕ್ಕೆ, ಟೇಲ್ ಬಿದ್ದರೆ ಎಡಕ್ಕೆ. ಜೇಡಿಯಲ್ಲಿ ಹೆಜ್ಜೆಗೆ ಒಂದು ಬೆರಳು, ಉಪ್ಪು ಬೇಗ ಹರಡುವ ಹೊಯ್ಗೆಯಲ್ಲಿ ಎರಡು ಬೆರಳು. ಒಂದೊಂದು ಅಡಿಕೆಗೆ 15 ಸಲ. (ಬೆಸ ಸಂಖ್ಯೆ ಬೇಕಂತಲೇ ಹಿಡಿದದ್ದು. ಆಗ ಯಾವ ಅಡಿಕೆಯೂ ಗೆರೆಯ ಮೇಲೇ ಕೂತು ತಕರಾರು ಮಾಡುವುದಿಲ್ಲ.) 30 ಅಡಿಕೆ ಮುಗಿಯುವಷ್ಟರಲ್ಲಿ ಸೊಂಟ ಬಿದ್ದುಹೋಯಿತು. ಬಲಕ್ಕೆ 14, ಎಡಕ್ಕೆ 16.

ಇಲ್ಲೇ ಇದೆ ನೋಡು ನಿನ್ನ ಮೆಟ್ಟಿಲು. ಎರಡೂ ಕಡೆ ಹತ್ತಿರ ಹತ್ತಿರ ಅಷ್ಟೇ ಅಡಿಕೆ, ಆದರೆ ಬಲಗಡೆಯವು ಎರಡು ಪಟ್ಟು ಅಗಲಕ್ಕೆ ಚದುರಿವೆ. ಅಂದ ಮೇಲೆ ಗೆರೆಯ ಬಲಕ್ಕೆ ದಟ್ಟಣೆ ಅರ್ಧ. ಎರಡೂ ಮಣ್ಣಿನಲ್ಲಿ ನೀರಿಗಿರುವ ಜಾಗ ಒಂದೇ ಅಂತ ಇಟ್ಟುಕೊಂಡರೆ, ನಿಜವಾದ ಉಪ್ಪುನೀರು ಹೀಗೆ ಮೆಟ್ಟಿಲು ಕಟ್ಟಿಕೊಂಡು ಕೂರುವುದಿಲ್ಲ. ಗೆರೆಯ ಎರಡೂ ಬದಿ ಒಂದೇ ಉಪ್ಪು ಇರಬೇಕು, ಒಂದು ಕಡೆಯಿಂದ ಹೊರಟದ್ದು ಇನ್ನೊಂದು ಕಡೆಗೆ ಪೂರಾ ಸೇರಬೇಕು. ಇಂಥ ಹರಡುವಿಕೆಗೆ 1855ರಲ್ಲೇ ಫಿಕ್ ಎಂಬ ಜರ್ಮನ್ ವಿಜ್ಞಾನಿ ನಿಯಮ ಬರೆದ. ಅವನ ಪ್ರಯೋಗವೂ ಉಪ್ಪುನೀರಿನದ್ದೇ. ನಮ್ಮ ಸಾಣಿಕಟ್ಟಾ ಆಗರದ ಉಪ್ಪಲ್ಲ, ಅಷ್ಟೇ.

ಗೆರೆಯ ಎರಡೂ ಬದಿ ಗ್ರಾಫಿನ ಎತ್ತರ ಸಮ, ಹೊಯ್ಗೆಯ ಕಡೆ ಅಗಲ ಎರಡು ಪಟ್ಟು. ಹಾಗಾದರೆ ಮೂರರಲ್ಲಿ ಎರಡು ಪಾಲು ಹೊಯ್ಗೆಯಲ್ಲಿರಬೇಕು ತಾನೇ? ನಿನ್ನ ಲೂಡೋ ಪೆಟ್ಟಿಗೆಯ ದಾಳ ತಂದೆ. ಗೆರೆಯ ಮೇಲಿರುವ ಅಡಿಕೆಗೆ ಮಾತ್ರ, ಹೊರಡುವಾಗಲೂ ವಾಪಸ್ ಬಂದಾಗಲೂ, ದಾಳ: 1ರಿಂದ 4 ಬಿದ್ದರೆ ಬಲಕ್ಕೆ, 5 ಅಥವಾ 6 ಬಿದ್ದರೆ ಎಡಕ್ಕೆ. ಬೇರೆ ಕಡೆಯೆಲ್ಲ ಅದೇ ನಾಣ್ಯ. ಈ ಸಲ ಬಲಕ್ಕೆ 19, ಎಡಕ್ಕೆ 11. ನೀನು ಗೆರೆಯ ಮೇಲೂ ನಾಣ್ಯವನ್ನೇ ಚಿಮ್ಮಿದ್ದೀಯ, ಅಷ್ಟೇ ತಪ್ಪು. ಉಪ್ಪು ಎಷ್ಟು ಬೇಗ ಹರಡುತ್ತದೆ ಅಂತ ಹೇಳುವ ಗುಣಾಂಕಗಳು ಜೇಡಿಗೆ 1, ಹೊಯ್ಗೆಗೆ 4; ಅವುಗಳ ವರ್ಗಮೂಲ 1 ಮತ್ತು 2. ಪಾಲು ಹಂಚುವುದು ವರ್ಗಮೂಲದ ಲೆಕ್ಕದಲ್ಲಿ. ಗೆರೆಯ ಮೇಲೆ ಮಾತ್ರ ಒಂದು ಕಡೆಗೆ ವಾಲುವ ಇಂಥ ಓರೆ ನಡಿಗೆಯ ಹೆಜ್ಜೆಗಳನ್ನು ಸಣ್ಣದು ಮಾಡುತ್ತಾ ಹೋದರೆ ಏನು ಸಿಗುತ್ತದೆ ಅಂತ 1981ರಲ್ಲಿ ಹ್ಯಾರಿಸನ್ ಮತ್ತು ಶೆಪ್ ಎಂಬ ಸಂಶೋಧಕರು ತೋರಿಸಿದ್ದಾರೆ, ಹುಡುಕಿ ಓದು.

ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಪಕ್ಕದ ಬಾವಿಗಳು ಉಪ್ಪಾಗುವುದು ಬರೀ ಉಪ್ಪು ಹೀಗೆ ತಾನಾಗಿ ಹರಡುವುದರಿಂದಲ್ಲ, ಮತ್ತೆ. ಅಲ್ಲಿ ನೀರೇ ಉಪ್ಪನ್ನು ಹೊತ್ತು ತರುತ್ತದೆ. ನಿನ್ನ ಗೈಡ್ ಮುಂದೆ ನಮ್ಮೂರ ಬಾವಿ ಅಂತ ಸುಮ್ನೆ ಜಂಬ ಕೊಚ್ಚಬೇಡ.

ಇನ್ನೊಂದು ಪಂದ್ಯ ಶುರು ಮಾಡಿದ್ದೆ. ಜೇಡಿಯೊಳಗೆ 10 ಬೆರಳು ದೂರದಿಂದ ಹೊರಟು ಹೊಯ್ಗೆಯಲ್ಲಿ 10 ಬೆರಳು ಮುಟ್ಟುವುದು, ಆಮೇಲೆ ಅದನ್ನೇ ತಿರುಗಾಮುರುಗಾ. ದೂರ ಒಂದೇ, ಆದರೂ ಜೇಡಿಯಿಂದ ಹೊರಟದ್ದೇ ಬೇಗ ಮುಟ್ಟಬೇಕು ಅಂತ ಕಾಗದದ ಮೇಲಿನ ಲೆಕ್ಕ ಹೇಳುತ್ತದೆ. ನಾಲ್ಕು ಅಡಿಕೆ ಮುಗಿದಿತ್ತು. ಅಷ್ಟರಲ್ಲಿ ಅಪ್ಪಯ್ಯ ಬಂದು, ಗೆರೆ ದಾಟಲಿದ್ದ ಐದನೆಯದನ್ನು ಎತ್ತಿಕೊಂಡು ಕವಳ ಹಾಕಿಬಿಟ್ಟರು.

ನಿನ್ನ
ಆಯಿ